ವಿದೇಶಿ ದೋಟಿ: ಕಂಡ ದರ ಬೇರೆ, ಮನೆ ಮುಟ್ಟುವ ದರ ಬೇರೆ

ಕಾರ್ಬನ್ ಫೈಬರ್ ದೋಟಿಯನ್ನು ಹೊರದೇಶದಿಂದ ನೇರ ತರಿಸಿ ಮಾರಿದರೆ ಹೇಗೆ ಅಂತ ನಮ್ಮ ಮೇಗರವಳ್ಳಿ ಕಡೆ ಹುಡುಗರು ಕೇಳ್ತಾರೆ. ತರಿಸಬಹುದು. ಆದರೆ ಮೊಬೈಲಿನಲ್ಲಿ ಕಂಡ ದರವನ್ನೇ ನಂಬಿ ಹೊರಡಬೇಡಿ.

ಮೊದಲು ಐ.ಇ.ಸಿ., ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುತ್ತದೆ, ಶುಲ್ಕ 500 ರೂ. 'ನನ್ನ ತೋಟಕ್ಕೆ ಮಾತ್ರ' ಅಂದರೂ ಬಿಡುವುದಿಲ್ಲ. ಸ್ವಂತ ಬಳಕೆಯ ವಿನಾಯಿತಿ ಕೃಷಿಗೆ ಸಂಬಂಧಿಸಿದ ಮಾಲಿಗೆ ಇಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ದೃಢಪಡಿಸದಿದ್ದರೆ ಸಂಖ್ಯೆ ನಿಂತುಹೋಗುತ್ತದೆ.

ಇನ್ನು ತೆರಿಗೆ. ಸಾಗಣೆ, ವಿಮೆ ಸೇರಿ 10,000 ರೂ. ಮಾಲು ಎನ್ನಿ. ಸುಂಕ ಶೇ. 10 ಆದರೆ 1,000. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜು, 100. ಒಟ್ಟು 11,100ರ ಮೇಲೆ ಶೇ. 18 ಐ.ಜಿ.ಎಸ್.ಟಿ., 1,998. ಅಲ್ಲಿಗೆ 13,098 ಆಯಿತು! ಏಜೆಂಟರ ಖರ್ಚು, ಲಾರಿ ಬಾಡಿಗೆ ಬೇರೆ. ನಿಜವಾದ ದರ ಮಾಲಿನ ಎಚ್.ಎಸ್. ಸಂಖ್ಯೆಯ ಮೇಲೆ ನಿಂತಿದೆ. ಹಣ ಕಳಿಸುವ ಮೊದಲೇ ಕಸ್ಟಮ್ಸ್ ಏಜೆಂಟರಲ್ಲಿ ಕೇಳಿಕೊಳ್ಳಿ.

ಜಿ.ಎಸ್.ಟಿ. ನೋಂದಣಿ ಇದ್ದರೆ ಆ 1,998ನ್ನು ಮಾರುವಾಗಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಅದೂ ದೋಟಿಯ ಬೆಲೆಗೇ ಸೇರಿತು. ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟು, ರಾಜ್ಯದೊಳಗೇ ಮಾರಾಟ ಎಂದಾದರೆ ನೋಂದಣಿ ಕಡ್ಡಾಯವಲ್ಲ. ಕೇರಳಕ್ಕೆ ಒಂದೇ ದೋಟಿ ಮಾರಿದರೂ ಕಡ್ಡಾಯ. ಎರಡು ಮೂರು ದೋಟಿಗಾಗಿ ಇಷ್ಟೆಲ್ಲ ಓಡಾಟ ನನಗಂತೂ ಲಾಭವೆನಿಸದು.

ಅದೇ ಪೆಟ್ಟಿಗೆಯಲ್ಲಿ ಮೆಣಸಿನ ಬಳ್ಳಿ, ಬೀಜ ತುರುಕಿಸಿಬಿಟ್ಟೀರಿ, ಜೋಕೆ! ಅದಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಕಟ್ಟುಪಾಡು ಬೇರೆಯೇ ಇದೆ.