ವಾಲಿದ ಅಕ್ಷರ ಹೇಳುವುದೇನು?

ಕಲಬುರಗಿಯಲ್ಲಿ ಅಚ್ಚಾದ ಮದುವೆ ಪತ್ರಿಕೆಯೊಂದನ್ನು ಗಮನಿಸಿ. ವಧೂವರರ ಹೆಸರು ಇಂಗ್ಲಿಷಿನಲ್ಲಿದ್ದರೆ ಅದು ಸಾಮಾನ್ಯವಾಗಿ ಬಲಕ್ಕೆ ವಾಲಿದ, ಬಳುಕುವ ಅಕ್ಷರಗಳಲ್ಲಿರುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಸಂಶೋಧನ ಲೇಖನವನ್ನು ನೋಡಿ. ಅಲ್ಲಿ 'ಮ್ಯೂಸ ಅಕ್ಯುಮಿನೇಟ' ಎಂಬ ಹೆಸರೂ ವಾಲಿರುತ್ತದೆ. ಮೊದಲನೆಯದು ಅಂದಕ್ಕಾಗಿ, ಎರಡನೆಯದು ಅರ್ಥಕ್ಕಾಗಿ. ಎರಡೂ ಇಟಾಲಿಕ್ ಮನೆತನದವು.

ನೆಟ್ಟಗಿನ ಅಕ್ಷರವನ್ನು ಪಕ್ಕಕ್ಕೆ ಬಾಗಿಸಿದ ಮಾತ್ರಕ್ಕೆ ಇಟಾಲಿಕ್ ಆಗದು. ಅದು ಲೇಖನಿಯಿಂದ ಹುಟ್ಟಿದ ರೂಪ. ಚಪ್ಪಟೆ ತುದಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬೇಗ ಬರೆದಾಗ ಕೆಳಗಿಳಿಯುವ ಗೆರೆ ದಪ್ಪವಾಗಿಯೂ ಮೇಲೇರುವ ಗೆರೆ ತೆಳುವಾಗಿಯೂ ಮೂಡುತ್ತದೆ. ಅಕ್ಷರದ ಅಗಲ ಕುಗ್ಗುತ್ತದೆ. ಸೆರಿಫ್, ಅಂದರೆ ಗೆರೆಯ ತುದಿಯ ಪುಟ್ಟ ಪಟ್ಟಿ, ಇಲ್ಲಿ ಲೇಖನಿ ಕಾಗದ ಮುಟ್ಟಿದ ಮತ್ತು ಬಿಟ್ಟ ಗುರುತಿನಂತೆ ಸಣ್ಣ ಕೊಕ್ಕೆಯಾಗುತ್ತದೆ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಇಂತಹ ಮೊಳೆಗಳಲ್ಲಿ ಅಚ್ಚು ಹಾಕಿದ. ಮೊಳೆ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಜರ್ಮನಿಯ ಹರ್ಮನ್ ಜಾಫ್ ರೂಪಿಸಿದ 'ಜಾಫ್ ಚಾನ್ಸರಿ' (1979) ಇದೇ ಲೇಖನಿಯ ಗುಣವನ್ನು ಗಣಕಯುಗಕ್ಕೆ ತಂದಿತು. ಕಲಬುರಗಿಯ ಅಂಗಡಿ ಫಲಕಗಳಲ್ಲಿ ಕಾಣುವ ಉರ್ದುವಿನ ನಸ್ತಾಲಿಕ್ ಬರಹದ ಓರೆಯೂ ಲೇಖನಿಯದೇ ಕೊಡುಗೆ.

ಈ ಅಕ್ಷರ ಆಹ್ವಾನಪತ್ರ, ಪ್ರಮಾಣಪತ್ರ, ಶೀರ್ಷಿಕೆಗಳ ಒಂದೆರಡು ಸಾಲಿಗೆ ಒಪ್ಪುತ್ತದೆ. ಪುಟವಿಡೀ ತುಂಬಿದರೆ ಕಣ್ಣಿಗೆ ದಣಿವು. ಅಲಂಕಾರದ ದೊಡ್ಡಕ್ಷರಗಳಲ್ಲೇ ಇಡೀ ಹೆಸರನ್ನು ಜೋಡಿಸಿದರಂತೂ ಓದುವುದೇ ಕಷ್ಟ.

ವಿಜ್ಞಾನದಲ್ಲಿ ಓರೆಗೆ ಖಚಿತ ನಿಯಮವಿದೆ. ಜಾತಿ ಮತ್ತು ಪ್ರಭೇದದ ಹೆಸರು ಇಟಾಲಿಕ್‌ನಲ್ಲಿರಬೇಕು. ಆದರೆ 'ರೆಡ್ ಡಕ್ಕ' ಎಂಬ ತಳಿಯ ಹೆಸರು ನೆಟ್ಟಗೆ, ಒಂಟಿ ಉದ್ಧರಣ ಚಿಹ್ನೆಯೊಳಗೆ ಬರುತ್ತದೆ. ಭೌತವಿಜ್ಞಾನದಲ್ಲಿ ಪರಿಮಾಣದ ಸಂಕೇತ ಓರೆ, ಏಕಮಾನದ ಸಂಕೇತ ನೆಟ್ಟಗೆ. ಇಂಗ್ಲಿಷಿನ 'ಎಮ್' ಓರೆಯಾಗಿದ್ದರೆ ದ್ರವ್ಯರಾಶಿ, ನೆಟ್ಟಗಿದ್ದರೆ ಮೀಟರ್. 'ಜಿ' ಓರೆಯಾಗಿದ್ದರೆ ಗುರುತ್ವ ವೇಗೋತ್ಕರ್ಷ, ನೆಟ್ಟಗಿದ್ದರೆ ಗ್ರಾಂ. ಪ್ರಶ್ನೆಪತ್ರಿಕೆಯಲ್ಲಿ ಈ ಭೇದ ಅಳಿಸಿಹೋದರೆ ವಿದ್ಯಾರ್ಥಿ ಸಂದರ್ಭದಿಂದ ಊಹಿಸಬೇಕಾಗುತ್ತದೆ.

ಕೈಬರಹದಲ್ಲಿ ಏನು ಮಾಡಬೇಕು? ಜಾತಿ ಮತ್ತು ಪ್ರಭೇದದ ಹೆಸರುಗಳಿಗೆ ಬೇರೆ ಬೇರೆಯಾಗಿ ಅಡಿಗೆರೆ ಎಳೆಯಿರಿ. ಹಸ್ತಪ್ರತಿಯಲ್ಲಿ ಅಡಿಗೆರೆಯೆಂದರೆ 'ಇದನ್ನು ಇಟಾಲಿಕ್‌ನಲ್ಲಿ ಜೋಡಿಸಿ' ಎಂದು ಮೊಳೆ ಜೋಡಿಸುವವರಿಗೆ ಕೊಡುವ ಸೂಚನೆ.

ಕನ್ನಡ ಲಿಪಿಯಲ್ಲಿ ಇಂತಹ ಪ್ರತ್ಯೇಕ ಓರೆ ಅಕ್ಷರದ ಪರಂಪರೆ ಬೆಳೆದಿಲ್ಲ. ಗಣಕದ ಇಟಾಲಿಕ್ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ನಮ್ಮ ದುಂಡಕ್ಷರಗಳು ಸುಮ್ಮನೆ ಬಾಗುತ್ತವೆ, ಒತ್ತಕ್ಷರಗಳು ತಮ್ಮ ನೆಲೆಯಿಂದ ಸರಿದಂತೆ ಕಾಣುತ್ತವೆ. ಆದ್ದರಿಂದ ಕನ್ನಡ ಪಾಠದಲ್ಲಿ ಒತ್ತು ನೀಡಲು ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ಮೇಲು. ನಿಮ್ಮ ಮುಂದಿನ ಪ್ರಶ್ನೆಪತ್ರಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಅದರಲ್ಲಿನ ಪ್ರತಿ 'ಎಮ್' ಮತ್ತು 'ಜಿ'ಯನ್ನು ಒಮ್ಮೆ ಪರಿಶೀಲಿಸಿ.