ಹೆಚ್ಚು ಕೊಟ್ಟವನಿಗೂ ದಂಡ

ನಾಲ್ವರು ಆಟಗಾರರು, ತಲಾ 20 ಬಿಲ್ಲೆ. ಅದರಲ್ಲಿ ಎಷ್ಟನ್ನು ಸಾಮೂಹಿಕ ಹುಂಡಿಗೆ ಹಾಕಬೇಕು, ಎಷ್ಟನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು ಎಂಬುದು ಅವರವರ ಇಷ್ಟ. ಹುಂಡಿಗೆ ಬಿದ್ದದ್ದು 1.6 ಪಟ್ಟು ಬೆಳೆದು, ಹಾಕಿದವರು ಹಾಕದವರು ಎನ್ನದೆ ನಾಲ್ವರಿಗೂ ಸಮನಾಗಿ ಹಂಚಿಹೋಗುತ್ತದೆ. ಎಲ್ಲರೂ ಇದ್ದದ್ದೆಲ್ಲ ಹಾಕಿದರೆ ತಲಾ 32. ಮೂವರು ಹಾಕಿ ನಾಲ್ಕನೆಯವನು ಕೈಕಟ್ಟಿ ಕೂತನೆನ್ನಿ: ಹಾಕಿದವರಿಗೆ 24, ಕೂತವನಿಗೆ 44! ಬಿಲ್ಲೆಗಳು ಕಡೆಗೆ ನಿಜವಾದ ದುಡ್ಡಾಗುವುದರಿಂದ ಇದು ಬರೀ ಹುಡುಗಾಟವಲ್ಲ.

ಅಪಾರ್ಟ್‌ಮೆಂಟಿನ ಸಂಘ ನಡೆಸಿದವರಿಗೆ ಮುಂದಿನದು ಗೊತ್ತೇ ಇರುತ್ತದೆ. ಮೊದಮೊದಲು ಕೈ ಧಾರಾಳ. ಬಿಟ್ಟಿ ಗಿರಾಕಿ ಒಬ್ಬನಿದ್ದಾನೆ ಎಂದು ತಿಳಿದದ್ದೇ ಉಳಿದವರೂ ಮುಷ್ಟಿ ಬಿಗಿಹಿಡಿಯುತ್ತಾರೆ. ಸುತ್ತು ಕಳೆದಂತೆ ಹುಂಡಿ ಸೊರಗುತ್ತದೆ.

ಅರ್ಥಶಾಸ್ತ್ರಜ್ಞರಾದ ಎರ್ನ್‌ಸ್ಟ್ ಫೇರ್ ಮತ್ತು ಸೈಮನ್ ಗೆಖ್ಟರ್ ಈ ಆಟಕ್ಕೆ ದಂಡ ಸೇರಿಸಿದರು. ಒಂದು ಬಿಲ್ಲೆ ಕಳೆದುಕೊಳ್ಳಲು ಸಿದ್ಧನಾದರೆ ಬೇರೊಬ್ಬನ ಮೂರು ಬಿಲ್ಲೆ ಕೀಳಬಹುದು. ಗುಂಪು ಸುತ್ತುಸುತ್ತಿಗೂ ಬದಲಾಗುತ್ತಿತ್ತು, ಒಮ್ಮೆ ಸಿಕ್ಕವನು ಮತ್ತೆ ಸಿಗುತ್ತಿರಲಿಲ್ಲ. ಅಂದಮೇಲೆ ಅವನನ್ನು ತಿದ್ದಿ ನನಗೇನು ಲಾಭ? ಆದರೂ 240 ವಿದ್ಯಾರ್ಥಿಗಳಲ್ಲಿ ಶೇಕಡಾ 84 ಮಂದಿ ಒಮ್ಮೆಯಾದರೂ ದಂಡ ಹಾಕಿದರು, ಹುಂಡಿ ತುಂಬತೊಡಗಿತು. ಇದರ ಹಿಂದಿರುವುದು ಸಿಟ್ಟು ಎಂದು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದರು. ಸಿಟ್ಟೂ ಸಮಾಜಸೇವೆ ಮಾಡುತ್ತದೆ ಎಂಬ ಸುದ್ದಿ ಸಿಡುಕರಿಗೆಲ್ಲ ಹಿತವಾಗಿರಬೇಕು.

ಆ ಹಿತ ಬಹಳ ಕಾಲ ಉಳಿಯಲಿಲ್ಲ. ಬೆನೆಡಿಕ್ಟ್ ಹೆರ್ಮನ್, ಕ್ರಿಸ್ಟಿಯಾನ್ ತೋನಿ ಮತ್ತು ಗೆಖ್ಟರ್ 16 ನಗರಗಳ ವಿದ್ಯಾರ್ಥಿಗಳಿಂದ ದಂಡದ ಆಟ ಆಡಿಸಿದರು. ಭಾರತದ ಯಾವ ಊರೂ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಕುತೂಹಲ ನನ್ನದು. ಬಾಸ್ಟನ್, ಮೆಲ್ಬರ್ನ್‌ನಂಥ ಕಡೆ ದಂಡ ಬಿದ್ದದ್ದು ಹೆಚ್ಚಾಗಿ ಬಿಟ್ಟಿ ಗಿರಾಕಿಗಳ ಮೇಲೆ. ಅಥೆನ್ಸ್, ಮಸ್ಕತ್‌ಗಳಲ್ಲಿ ಮಾತ್ರ ತಮ್ಮಷ್ಟೇ ಅಥವಾ ತಮಗಿಂತ ಹೆಚ್ಚು ಕೊಟ್ಟವರಿಗೂ ಜನ ಬರೆ ಎಳೆದರು. 2008ರಲ್ಲಿ ‘ಸೈನ್ಸ್’ನಲ್ಲಿ ಇದು ಪ್ರಕಟವಾಯಿತು. ಕಾನೂನಿನ ಮೇಲೆ ನಂಬಿಕೆ ಕಡಿಮೆ ಇರುವ, ತೆರಿಗೆ ತಪ್ಪಿಸುವುದನ್ನು ಅಷ್ಟಾಗಿ ತಪ್ಪೆಂದು ಎಣಿಸದ ಸಮಾಜಗಳಲ್ಲಿ ಈ ಚಾಳಿ ಹೆಚ್ಚು ಕಂಡಿತ್ತು. ಇಲ್ಲಿ ಗುಂಪು ಬದಲಾಗುತ್ತಿರಲಿಲ್ಲವಾದ್ದರಿಂದ ಒಂದು ಪಾಲು ಸೇಡು ಇರಬೇಕು: ಕಳೆದ ಸುತ್ತಿನಲ್ಲಿ ನನಗೆ ದಂಡ ಹಾಕಿದವನು ಈ ಧಾರಾಳಿಯೇ ಎಂಬ ಗುಮಾನಿ. ಆದರೆ ಊರಿನ ಗುಣವೆಂದು ಷರಾ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಏಕೆಂದರೆ 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ರೇಗ್ ಪಾರ್ಕ್ಸ್ ಮತ್ತು ಅಸಾಕೊ ಸ್ಟೋನ್ ಇನ್ನೊಂದು ಬಗೆಯ ಪ್ರಶ್ನೆ ಕೇಳಿದ್ದರು: ನಿಮ್ಮ ಗುಂಪಿನಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕು? ದೋಚುವವನು ಹೋಗಲಿ ಎಂದದ್ದು ಸಹಜವೇ. ಬಹಳ ಕೊಟ್ಟು ಸ್ವಲ್ಪವೇ ತೆಗೆದುಕೊಳ್ಳುತ್ತಿದ್ದವನನ್ನೂ, ಅವನಿಂದ ಎಲ್ಲರಿಗೂ ಲಾಭವೇ ಇದ್ದರೂ, ಹೊರಹಾಕುವ ಆಸೆ ಹೆಚ್ಚುಕಡಿಮೆ ಅಷ್ಟೇ ಬಲವಾಗಿತ್ತು. ಕಾರಣ ಕೇಳಿದರೆ, ಅವನ ಪಕ್ಕದಲ್ಲಿ ನಾವು ಕೆಟ್ಟವರಾಗಿ ಕಾಣುತ್ತೇವೆ ಎಂದರು ಕೆಲವರು. ಉಳಿದ ಕೆಲವರ ಪ್ರಕಾರ ಅವನದು ನಿಯಮಭಂಗ: ಯಾರೂ ಅಷ್ಟು ಕೊಡದಿರುವಾಗ ಅವನೊಬ್ಬ ಯಾಕೆ ಕೊಡಬೇಕಿತ್ತು?