ಹಿರಿಯ ಕಲಾವಿದರ ಚಿತ್ರಪ್ರದರ್ಶನವನ್ನು ನೋಡುವ ಬಗೆ
ಹಿರಿಯ ಚಿತ್ರಕಾರರ ಸಮಗ್ರ ಪ್ರದರ್ಶನಗಳಲ್ಲಿ ಕೃತಿಗಳನ್ನು ಕಾಲಾನುಕ್ರಮವಾಗಿ ನೋಡುತ್ತ ಸಾಗುವುದೇ ಉಚಿತವಾದ ಬಗೆ. ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯು 1952ರಲ್ಲಿ ಸ್ಥಾಪನೆಗೊಳ್ಳಲು ಹೋಮಿ ಭಾಭಾ ಅವರೊಡನೆ ಒತ್ತಾಸೆಯಾಗಿ ನಿಂತ, ಉಡುಪಿ ಬಳಿಯ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರ (1911-1996) ಕೃತಿಗಳೇ ಇದಕ್ಕೆ ನಿದರ್ಶನ. ಜೆ. ಜೆ. ಕಲಾಶಾಲೆಯಲ್ಲಿ ಕರಗತವಾದ ಪಾಶ್ಚಾತ್ಯ ವಾಸ್ತವಶೈಲಿಯಿಂದ ಅವರಿಗೆ ತೃಪ್ತಿಯುಂಟಾಗಲಿಲ್ಲ. ಜೈನ ಹಸ್ತಪ್ರತಿಗಳ ಹಾಗೂ ರಜಪೂತ ಚಿತ್ರಗಳ ಪರಂಪರೆಯತ್ತ ತಿರುಗಿದರು. ಲಯದ ಮರ್ಮವನ್ನರಿಯಲು ಕಥಕ್ ನೃತ್ಯವನ್ನೂ ಅಭ್ಯಸಿಸಿದರು. ಆ ಲಯವೇ ಮುಂದೆ, ಕೆಲವೇ ಗೆರೆಗಳಲ್ಲಿ ನರ್ತಕಿಯ ನಿಲುವನ್ನು ಹಿಡಿಯುವ ಅವರ ರೇಖಾಚಿತ್ರಗಳಲ್ಲಿ ಮೂಡಿತು. ಅಂತಹ ಚಿತ್ರವೊಂದನ್ನೇ ಕಂಡವರಿಗೆ ಅದು ಸುಲಭಸಾಧ್ಯವೆಂದು ತೋರೀತು. ಆರಂಭದ ಕೃತಿಗಳಿಂದ ನೋಡುತ್ತ ಬಂದವರಿಗಾದರೋ, ಆ ಸರಳತೆಗಾಗಿ ಕಲಾವಿದರು ಎಷ್ಟನ್ನು ಕಲಿತು ಎಷ್ಟನ್ನು ತೊರೆಯಬೇಕಾಯಿತೆಂಬುದು ಮನದಟ್ಟಾಗುತ್ತದೆ.